ಆರನೇ ತಿರುವಿನಲ್ಲಿ ಕುದಿದ ಲಾರಿ

ಜನವರಿ 11

ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡವಳು ಎಲ್ಲಾದರೂ ಒಂದು ಕಡೆ ಮಾತಾಡಲೇಬೇಕಲ್ಲ. ಅದಕ್ಕೇ ಈ ನೋಟ್‌ಬುಕ್ಕು. ಮೂರು ವಾರದಿಂದ ಮುಟ್ಟಿರಲಿಲ್ಲ, ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಮಧ್ಯಾಹ್ನ ಪಕ್ಕದ ಮನೆಯ ತುರ್ಗುನ್ ಘಾಟಿಯಾಚೆಯಿಂದ ಕುದುರೆಯ ಮೇಲೆ ಬಂದ. ಮೀಸೆಯಲ್ಲೆಲ್ಲ ಮಂಜುಗಡ್ಡೆ. ನಮ್ಮ ಕುರಿದೊಡ್ಡಿಯ ಮೇಲೇ ಹಾದು ಬಂದನಂತೆ. ಯಾವತ್ತೂ ಒಂದಕ್ಕೆ ಹತ್ತು ಸೇರಿಸುವ ಮನುಷ್ಯ, ಇವತ್ತು ನಾಲ್ಕೇ ಮಾತು ಆಡಿದ. "ಜುತ್ ಬಿದ್ದಿದೆ. ಹಿಮ ಎರಡು ದಿನ ಕರಗಿ ಮತ್ತೆ ಗಡ್ಡೆ ಕಟ್ಟಿದೆ. ಹುಲ್ಲಿನ ಮೇಲೆ ಕಬ್ಬಿಣದ ಮುಚ್ಚಳ ಹಾಕಿದ ಹಾಗಿದೆ. ಎಸೆನ್ ಹತ್ರ ಐದು ದಿನಕ್ಕೆ ಸಾಕಾಗೋಷ್ಟು ಒಣಹುಲ್ಲಿದೆ, ಅಷ್ಟೇ."

ಎಸೆನ್ ನನ್ನ ಗಂಡ. ಬಾಯಲ್ಲಿ ಅವನ ಹೆಸರು ಹೇಳುವಂತಿಲ್ಲ, ಮಾವನ ಹೆಸರಂತೂ ದೂರದ ಮಾತು. ಕಾಗದಕ್ಕೆ ಕಿವಿ ಇಲ್ಲವಾದ್ದರಿಂದ ಗಂಡನದ್ದನ್ನು ಬರೆಯುತ್ತೇನೆ. ದೊಡ್ಡಿಯಲ್ಲಿ ಅವನೊಬ್ಬನೇ ಇದ್ದಾನೆ, ಜೊತೆಗೆ ನೂರ ನಲವತ್ತೆರಡು ಕುರಿ. ಅಲ್ಲಿ ಫೋನು ಸಿಗುವುದಿಲ್ಲ. ಆ ಕುರಿಗಳನ್ನು ಬಿಟ್ಟರೆ ನಮಗೆ ಬದುಕಿಲ್ಲ.

ಈ ಊರಲ್ಲಿ ಈಗ ಓಡುವ ಲಾರಿ ಇರುವುದು ಮಾವನದ್ದು ಒಂದೇ. ಸಾಮೂಹಿಕ ಬೇಸಾಯದ ಕಾಲದಿಂದ ಅವರ ಕೈಯಲ್ಲೇ ಇರುವ ಲಾರಿ ಅದು, ನನಗಿಂತ ಹಿರಿಯದು. ಸಂಜೆಯವರೆಗೆ ಹುಲ್ಲು ತುಂಬಿದೆವು. ಅತ್ತೆಗೆ ಮಂಡಿನೋವು, ಆದ್ದರಿಂದ ನಾಳೆ ಕ್ಲೀನರ್ ನಾನೇ.

ಜನವರಿ 12

ಮೈನಸ್ ಮೂವತ್ತೆರಡು. ಹೋದೆವು, ವಾಪಸು ಬಂದೆವು.

ಸೊಸೆ ಮಾವನ ಪಕ್ಕ ಕೂತರೆ ಕಿಟಕಿಯ ಕಡೆ ಮುಖ ಮಾಡಿರಬೇಕು, ತಾನಾಗಿ ಮಾತೆತ್ತಬಾರದು. ಹಾಗಾಗಿ ಎರಡು ಗಂಟೆ ಕಾಲ ಬೆಟ್ಟ ನೋಡಿದೆ. ಘಾಟಿಯ ಆರನೇ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಮಾವ ನಿಲ್ಲಿಸಿದರು, ನಾನು ಹಾರಿ ಚಕ್ರಕ್ಕೆ ಕಲ್ಲು ಕೊಟ್ಟೆ. ಬಾನೆಟ್ ಎತ್ತಿದರೆ ಹಬೆ ನುಗ್ಗಿ ಬಂತು. ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಡ್ಡೆಯಾಗುವ ಚಳಿಯಲ್ಲಿ ಇಂಜಿನ್ನು ಕುದಿಯುತ್ತಿದೆ! ಮೇಲಿನ ಪೈಪು ಮುಟ್ಟಲಾಗದಷ್ಟು ಬಿಸಿ. ಕೆಳಗಿನ ಪೈಪಿಗೆ ಕೈಗವಸು ತೆಗೆದು ಬೆರಳಿಟ್ಟೆ, ಚರ್ಮ ಅಂಟಿಕೊಂಡಿತು. ಅಷ್ಟು ತಣ್ಣಗಿತ್ತು.

ಮಾವ ಬಗ್ಗಿ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದರು. ಏನೂ ಹರಿಯಲಿಲ್ಲ. ನೀಲಿ ಬಣ್ಣದ ಗಸಿಯಂಥದ್ದು ಒಂದಿಷ್ಟು ಅವರ ಬೆರಳಿಗೆ ಬಿತ್ತು. ಉಜ್ಜಿ ನೋಡಿದರು, ನಾಲಿಗೆಗೆ ತಾಗಿಸಿ ಉಗುಳಿದರು. ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು. ಸೊಂಟ ಹಿಡಿಯಿತೇನೋ ಅಂದುಕೊಂಡೆ.

"ಫ್ಯಾನ್ ಬೆಲ್ಟ್ ಸಡಿಲ ಇದೆ," ಎಂದರು, ನನ್ನ ಕಡೆ ನೋಡದೆ.

ಆರುವವರೆಗೆ ಕಾದು ಇಳಿದು ಬಂದೆವು. ಇಳಿಜಾರಿನಲ್ಲಿ ಯಾವ ತೊಂದರೆಯೂ ಇಲ್ಲ.

ಜನವರಿ 13

ಬೆಳಿಗ್ಗೆ ಬೆಲ್ಟ್ ಬಿಗಿ ಮಾಡಿದರು. ಬಿಸಿಯಾದಾಗ ತೆರೆದುಕೊಳ್ಳಬೇಕಾದ ಥರ್ಮೋಸ್ಟಾಟ್ ಬಿಚ್ಚಿ ಅತ್ತೆಯ ಪಾತ್ರೆಯಲ್ಲಿ ಕುದಿಸಿ ನೋಡಿದರು. ಸರಿಯಾಗಿಯೇ ಬಾಯಿ ತೆರೆಯಿತು. ಅತ್ತೆ ಆ ಪಾತ್ರೆಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದರು, ಬೈದುಕೊಳ್ಳುತ್ತಾ.

ತುರ್ಗುನ್ ಬೇಲಿಯ ಮೇಲೆ ಮೊಣಕೈ ಊರಿ ನಿಂತಿದ್ದ. "ಸೂಯುನಣ್ಣ, ಊರಿಗೂರೇ ಗಡಗಡ ನಡುಗ್ತಿದೆ, ನಿಮ್ಮ ಲಾರಿಗೊಂದಕ್ಕೇ ಬೇಸಿಗೆ ನೋಡಿ!" (ಮಾವನ ಹೆಸರು ಹೇಳಿದ್ದು ಅವನು, ನಾನಲ್ಲ.) ಆಮೇಲೆ ಒಳಗೇ ಬಂದು, ಚಳಿಗೆಂದು ರೇಡಿಯೇಟರಿಗೆ ಹೊದಿಸಿದ್ದ ಕಂಬಳಿ ಎಳೆದು ಬಿಸಾಡಿದ. "ಕುದಿಯೋದಕ್ಕೆ ಯಾರಾದ್ರೂ ಕಂಬಳಿ ಹೊದಿಸ್ತಾರಾ? ಗಾಳಿಯಾಡ್ಲಿ ಬಿಡಿ."

ಗಾಳಿಯಾಡಿತು. ನಿನ್ನೆ ಆರನೇ ತಿರುವಿನವರೆಗೆ ಹೋಗಿದ್ದ ಲಾರಿ ಇವತ್ತು ನಾಲ್ಕನೆಯದರಲ್ಲೇ ಕುದಿಯಿತು. ಗಾಳಿ ಬಿಟ್ಟಷ್ಟೂ ಹೆಚ್ಚು ಕುದಿಯುವುದು ಎಂಥ ರೋಗ? ಮಾವ ಕಂಬಳಿಯನ್ನು ಮತ್ತೆ ಕಟ್ಟಿದರು.

ಜನವರಿ 14

ರಾತ್ರಿ ಊಟಕ್ಕೆ ಕೂತಾಗ ಮಾವ ಬಟ್ಟಲು ತಿರುಗಿಸುತ್ತಾ ಹೇಳಿದರು, "ನಾಳೆ ರೇಡಿಯೇಟರಲ್ಲಿರೋದನ್ನೆಲ್ಲ ಇಳಿಸಿ ಬರೀ ನೀರು ಹಾಕಿ ನೋಡೋಣ ಅಂತಿದೀನಿ. ಮೂವತ್ತು ವರ್ಷ ನಾವೇನು ಕೂಲೆಂಟ್ ಹಾಕಿ ಓಡಿಸಿದ್ವಾ? ಸಾಯಂಕಾಲ ಇಳಿಸೋದು, ಬೆಳಿಗ್ಗೆ ಕಾಯಿಸಿ ಹುಯ್ಯೋದು."

ಅತ್ತೆ ಚಮಚ ಕೆಳಗಿಟ್ಟರು. "ಬೀಗರು ಕೊಟ್ಟಿದ್ದನ್ನ ಅಂಗಳದಲ್ಲಿ ಚೆಲ್ತೀರಾ? ಆ ತುರ್ಗುನ್ ಬೇಲೀಲೇ ನೇತಾಡ್ತಿರ್ತಾನೆ. ಸಂಜೆ ಹೊತ್ತಿಗೆ ಆ ಊರಿಗೆ ಸುದ್ದಿ ಮುಟ್ಟುತ್ತೆ. ನೀವು ಕೊಟ್ಟಿದ್ದು ಕೂಲೆಂಟಲ್ಲ, ಹಳ್ಳದ ನೀರು ಅಂತ ಅವರ ಮುಖಕ್ಕೆ ಉಗಿದ ಹಾಗಾಗಲ್ವಾ? ಆಮೇಲೆ ಈ ಹುಡುಗಿ ಯಾವ ಮುಖ ಇಟ್ಕೊಂಡು ತವರಿಗೆ ಹೋಗ್ತಾಳೆ?"

ಕೊಟ್ಟವನು ನನ್ನಣ್ಣ ಮೆಲಿಸ್. ಅಕ್ಟೋಬರಿನಲ್ಲಿ ನನ್ನ ಮಗ ಮೊದಲ ಹೆಜ್ಜೆ ಇಟ್ಟಾಗ ಹಬ್ಬ ಮಾಡಿದೆವಲ್ಲ, ಆಗ ಪೇಟೆಯಿಂದ ಎರಡು ದೊಡ್ಡ ಕ್ಯಾನು ನೀಲಿ ಕೂಲೆಂಟಿಗೆ ಕೆಂಪು ರಿಬ್ಬನ್ ಕಟ್ಟಿ ತಂದಿದ್ದ. "ಮೈನಸ್ ನಲವತ್ತಕ್ಕೂ ಹೆಪ್ಪುಗಟ್ಟಲ್ಲ, ಬೀಗರೇ!" ಎಂದು ಐವತ್ತು ಜನರ ಮುಂದೆ ಎತ್ತಿ ತೋರಿಸಿದ್ದ. ಮಾವ ಎದ್ದು ನಿಂತು, ತಮ್ಮ ಮೈಮೇಲಿದ್ದ ಹೊಸ ನಿಲುವಂಗಿಯನ್ನೇ ತೆಗೆದು ಅವನಿಗೆ ಹೊದಿಸಿದರು. ಅವತ್ತು ನನ್ನ ಎದೆ ಎಷ್ಟು ಉಬ್ಬಿತ್ತು.

ಅತ್ತೆ ಮಾತು ಮುಗಿಸಿದ ಮೇಲೆ ಮಾವ ನನ್ನ ಕಡೆ ನೋಡಿದರು. ನಾನು ಮಗುವಿಗೆ ರೊಟ್ಟಿ ಚಹಾದಲ್ಲಿ ಅದ್ದಿ ಕೊಡುತ್ತಿದ್ದೆ, ತಲೆ ಎತ್ತಲಿಲ್ಲ. "ಸರಿ, ಬಿಡು," ಎಂದರು.

ಜನವರಿ 15

ಅವರೆಲ್ಲ ಮಧ್ಯಾಹ್ನ ಮಲಗಿದ್ದಾಗ ಲಾರಿಯ ಹತ್ತಿರ ಹೋದೆ. ಬೆಳಿಗ್ಗೆ ಇಂಜಿನ್ನು ಓಡಿಸಿ ಕಾಯಿಸಿದ್ದರು, ನಲ್ಲಿಯಿಂದ ಒಂದು ಬಟ್ಟಲಷ್ಟು ಇಳಿಯಿತು. ಸೌದೆ ಒಟ್ಟಿದ ಕಡೆ, ಯಾರಿಗೂ ಕಾಣದ ಹಾಗೆ ಇಟ್ಟು ಬಂದೆ. ಒಂದು ಮುದ್ದೆ ಹಿಟ್ಟು ನಾದಿ ವಾಪಸು ಹೋದೆ. ಬಟ್ಟಲನ್ನು ಬೋರಲು ಹಾಕಿದೆ, ಬೀಳಲಿಲ್ಲ. ತಳಕ್ಕೆ ಬಡಿದೆ. ಆಕಾಶದ ಬಣ್ಣದ ಗಡ್ಡೆ ಒಂದೇ ತುಂಡಾಗಿ ಹೊರಗೆ ಬಿತ್ತು.

ಮೈನಸ್ ನಲವತ್ತಂತೆ.

ಮೆಲಿಸ್ ಅಣ್ಣನನ್ನು ನಾನು ಬಲ್ಲೆ. ಹನ್ನೆರಡು ವರ್ಷದವನಿದ್ದಾಗ ಅಮ್ಮನ ಹಾಲಿನ ಕ್ಯಾನಿಗೇ ನೀರು ಬೆರೆಸಿದವನು. ಅವತ್ತು ಅಪ್ಪನಿಗೆ ಹೇಳಿ ಅವನಿಗೆ ಏಟು ತಿನ್ನಿಸಿದ್ದು ನಾನೇ. ಅವನ ಸುಳ್ಳಿಗೆ ನಾನು ಎಂದೂ ಸೊಪ್ಪು ಹಾಕಿದವಳಲ್ಲ.

ಈಗ ರೋಗವೂ ಅರ್ಥವಾಯಿತು. ಕೆಳಗೆ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಮೇಲೆ ಇದ್ದದ್ದು ಅಲ್ಲೇ ಕುದಿಯುತ್ತದೆ. ಕುದಿಯಿತೆಂದು ಗಾಳಿ ಬಿಟ್ಟರೆ ಇನ್ನಷ್ಟು ಹೆಪ್ಪುಗಟ್ಟುತ್ತದೆ. ಬರೀ ನೀರಾಗಿದ್ದರೆ ಮಾವ ನೀರಿಗೆ ತಕ್ಕ ಹಾಗೆ ನೋಡಿಕೊಳ್ಳುತ್ತಿದ್ದರು, ರಾತ್ರಿ ಇಳಿಸುತ್ತಿದ್ದರು. ಕೂಲೆಂಟ್ ಎಂದು ನಂಬಿ ಹಾಗೇ ಬಿಟ್ಟಿದ್ದಾರೆ, ಪಾಪ.

ಗಡ್ಡೆಯನ್ನು ಸಗಣಿ ರಾಶಿಯಲ್ಲಿ ಹುಗಿದೆ. ಅತ್ತೆಗೆ ಹೇಳಿದರೆ ಅವರು ಮಾವನಿಗೆ ಹೇಳುತ್ತಾರೆ. ಸಂಜೆ ಹೇಳೋಣವೆಂದಿದ್ದೆ. ಅತ್ತೆಗೆ ಮಂಡಿನೋವು ಜೋರಾಗಿತ್ತು, ಮುಖ ಗಂಟು ಹಾಕಿಕೊಂಡಿದ್ದರು. ನಾಳೆ ಹೇಳುತ್ತೇನೆ.

ಜನವರಿ 16

ಗಾಳಿ. ಹೋಗಲಿಲ್ಲ. ಹೇಳಲೂ ಇಲ್ಲ.

ಜನವರಿ 17

ತುರ್ಗುನ್ ಎರಡು ಕುದುರೆಗಳ ಮೇಲೆ ಹುಲ್ಲು ಹೇರಿಕೊಂಡು ಹೋಗಿದ್ದ, ನಸುಕಿನಲ್ಲಿ ಬಂದ. ಅವನ ಎರಡು ಹೊರೆ ಒಂದು ಹೊತ್ತಿಗೂ ಆಗಲಿಲ್ಲವಂತೆ. ಹತ್ತೊಂಬತ್ತು ಸತ್ತಿವೆ. ಉಳಿದವು ಒಂದರ ಮೈಯ ಉಣ್ಣೆಯನ್ನು ಇನ್ನೊಂದು ಕಿತ್ತು ತಿನ್ನುತ್ತಿವೆ. ಎಸೆನ್ ದೊಡ್ಡಿಯ ಮಾಡಿನ ಹಳೆ ಹುಲ್ಲು ಕಿತ್ತು ಹಾಕುತ್ತಿದ್ದಾನೆ.

"ಅವನೊಂದೇ ಕೇಳಿದ್ದು," ಎಂದ ತುರ್ಗುನ್, "ಅಪ್ಪನ ಲಾರಿಗೆ ಏನಾಯ್ತು ಅಂತ. ಏನಂತ ಹೇಳ್ಲಿ ನಾನು? ಇಡೀ ಜಿಲ್ಲೆಗೇ ಡ್ರೈವಿಂಗ್ ಕಲಿಸಿದ ಮನುಷ್ಯ, ತನ್ನ ಲಾರಿ ಯಾಕೆ ಕುದಿಯುತ್ತೆ ಅಂತ ತನಗೇ ಗೊತ್ತಿಲ್ಲ ಅಂತಲಾ?"

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಮಾವ ಬೂಟು ಹಾಕಿಕೊಳ್ಳುತ್ತಿದ್ದರು, ಕೇಳಿಸಿಯೂ ಕೇಳಿಸದವರ ಹಾಗೆ. "ಹೊರಡು, ಮಗಳೇ," ಎಂದರು.

ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಕಟ್ಟಿ ಹೊರಟೆವು. ಆರನೇ ತಿರುವು ದಾಟಿದೆವು. ಏಳು ದಾಟಿತು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು, ಹೇಳದೆಯೇ ಎಲ್ಲ ಸರಿಹೋದರೆ ಸಾಕು ದೇವರೇ, ಎಂದು ಬೇಡಿಕೊಳ್ಳುತ್ತಿದ್ದೆ. ಎಂಟರಲ್ಲಿ ಕುದಿಯಿತು. ಮುಚ್ಚಳ ತೆಗೆಯಲು ಹೋಗಿ ಮಾವನ ಬಲಗೈ ಸುಟ್ಟಿತು. ಮೊಣಕೈವರೆಗೆ ಬೊಬ್ಬೆ. ನರಳಲಿಲ್ಲ, ಕೈಯನ್ನು ಹಿಮದಲ್ಲಿ ಹುಗಿದುಕೊಂಡು ಕೂತರು. ನನ್ನ ತಲೆಬಟ್ಟೆ ಬಿಚ್ಚಿ ಕಟ್ಟಿದೆ. ಬರಿತಲೆಯಲ್ಲಿ ಮಾವನ ಮುಂದೆ ನಿಂತದ್ದು ಇದೇ ಮೊದಲು, ಆ ಹೊತ್ತಿನಲ್ಲಿ ಅದು ತೋಚಲೂ ಇಲ್ಲ. ಅವರು ಕಣ್ಣು ಮುಚ್ಚಿಕೊಂಡರು. ನೋವಿಗೋ, ಮರ್ಯಾದೆಗೋ.

ಆಗ ಹೇಳಬೇಕಿತ್ತು.

ಮೆಲಿಸ್ ಅಣ್ಣನಿಗೂ ಪೇಟೆಯಲ್ಲಿ ಯಾರೋ ಮೋಸ ಮಾಡಿರಬಹುದಲ್ಲವೆ? ಅವನೇ ಬೆರೆಸಿದ ಎನ್ನಲು ನಾನೇನು ಕಂಡಿದ್ದೇನೆ?

ಜನವರಿ 18

ಬೊಬ್ಬೆಗಳು ಒಡೆದಿವೆ. ಕುರಿಕೊಬ್ಬು ಸವರಿದೆ. ಎಡಗೈಯಲ್ಲಿ ಗೇರು ಹಾಕಲು ಬರುವುದಿಲ್ಲ ಎಂದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಡೀ ದಿನ ಘಾಟಿಯ ಕಡೆ ನೋಡುತ್ತಿದ್ದರು.

ಜನವರಿ 20

ಹೇಳಿದೆ.

ಬೆಳಿಗ್ಗೆ ಕೈಗೆ ಬಟ್ಟೆ ಬಿಗಿದುಕೊಂಡು ತಾವೇ ಹೊರಟರು. ಸ್ಟೀರಿಂಗ್ ಅವರದು, ಗೇರು ಅವರು ಹೇಳಿದಾಗ ನಾನು ಹಾಕುವುದು. ಗೇರಿನ ಕೋಲು ಹಿಡಿದವಳು ಕಿಟಕಿಯ ಕಡೆ ತಿರುಗಿ ಕೂರಲು ಆಗುವುದಿಲ್ಲ. ಆರನೇ ತಿರುವಿನಲ್ಲಿ ಮುಳ್ಳು ಕೆಂಪಿಗೆ ಹೋಯಿತು, ನಿಂತೆವು. ಮಾವ ಕೆಳಗಿಳಿಯಲಿಲ್ಲ. ಸ್ಟೀರಿಂಗಿಗೆ ಹಣೆ ಇಟ್ಟರು.

"ಅದು ಕೂಲೆಂಟಲ್ಲ, ಮಾವ," ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. "ನೀರು ಬೆರೆಸಿದ್ದಾರೆ. ಬಟ್ಟಲಲ್ಲಿ ಹಾಕಿ ನೋಡಿದೆ. ಕಲ್ಲಾಯಿತು."

ಹಣೆ ಎತ್ತಲಿಲ್ಲ. "ಗೊತ್ತು," ಎಂದರು.

"ಯಾವಾಗಿಂದ?"

"ಮೊದಲ್ನೇ ದಿನ. ನಾಲಿಗೆಗೆ ಇಟ್ಟಾಗ್ಲೇ. ಅಸಲಿ ಆಗಿದ್ರೆ ಸಿಹಿ ಇರುತ್ತೆ. ಇದು ಸಪ್ಪೆ."

ನನಗೆ ಸಿಟ್ಟು ಬಂತು. ಮಾವನ ಮೇಲೆ, ನಾನು, ಸಿಟ್ಟು! "ಮತ್ತೆ ಅವತ್ತೇ ಇಲ್ಲೇ ಚೆಲ್ಲಿ ಹಿಮ ಕರಗಿಸಿ ಹಾಕಬಹುದಿತ್ತಲ್ಲ! ಇಲ್ಲಿ ಯಾವ ತುರ್ಗುನ್ ಇದ್ದ? ಯಾರು ನೋಡ್ತಿದ್ರು?"

"ನೀನಿದ್ಯಲ್ಲಮ್ಮ," ಎಂದರು. "ನಿನ್ನ ತವರಿನವರು ಕೊಟ್ಟಿದ್ದನ್ನ ನಿನ್ನ ಕಣ್ಣೆದುರಿಗೇ ಹೇಗೆ ಚೆಲ್ಲಲಿ? ಮನೇಲಿ ಮಾತು ಎತ್ತಿ ನೋಡ್ದೆ. ಚೆಲ್ಲಿ ಮಾವ ಅಂತ ನೀನೊಂದು ಮಾತು ಅಂದಿದ್ರೆ ಸಾಕಿತ್ತು. ನೀನು ತಲೆ ಎತ್ಲಿಲ್ಲ. ನಿಂಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ ಅಂದ್ಕೊಂಡೆ. ಹೇಗಾದ್ರೂ ಮಾಡಿ ಇದರಲ್ಲೇ ದಾಟಿಸಿಬಿಡೋಣ ಅಂತ."

ಎಂಟು ದಿನ. ಒಂದೇ ಸೀಟಿನಲ್ಲಿ ಪಕ್ಕಪಕ್ಕ ಕೂತು, ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು, ನಾಲ್ಕು ಸಲ ಈ ಬೆಟ್ಟ ಹತ್ತಿದ್ದೇವೆ. ಅತ್ತ ಕುರಿಗಳು ಉಣ್ಣೆ ತಿನ್ನುತ್ತಿವೆ.

ಆಮೇಲೆ ಕೆಲಸಕ್ಕೆ ಇಳಿದೆವು. ಬಕೆಟ್ಟಿನಲ್ಲಿ ಹುಲ್ಲು, ಮುರಿದ ಹಲಗೆ ಹಾಕಿ ಬೆಂಕಿ ಮಾಡಿ ರೇಡಿಯೇಟರಿನ ಕೆಳಗಿಟ್ಟೆ. ಗಡ್ಡೆ ಬಿಟ್ಟುಕೊಂಡಿತು, ನಲ್ಲಿ ಪೂರ್ತಿ ತಿರುಗಿಸಿದೆವು. ನೀಲಿಯೆಲ್ಲ ಹಿಮದ ಮೇಲೆ ಹರಿದು ಹೋಯಿತು. ಹಿಮ ಕರಗಿಸಿ, ಕಾಯಿಸಿ, ಡಬ್ಬಿ ಡಬ್ಬಿಯಾಗಿ ಹುಯ್ದೆ. ಮೊದಮೊದಲು ನಲ್ಲಿ ತೆರೆದೇ ಬಿಟ್ಟು, ಕೆಳಗೆ ಬೆಚ್ಚಗೆ ಬರುವವರೆಗೆ ಕಾದು ಮುಚ್ಚಬೇಕಂತೆ. ಎಷ್ಟು ಸಲೀಸಾಗಿ ಹೇಳಿಕೊಟ್ಟರು! ಎರಡೂ ಕಂಬಳಿ ಬಿಗಿದೆವು. ಎರಡೂವರೆ ಗಂಟೆಯ ಕೆಲಸ, ಅಷ್ಟೇ.

ಲಾರಿ ಒಂದೇ ಉಸಿರಿನಲ್ಲಿ ಘಾಟಿ ಹತ್ತಿತು. ಮುಳ್ಳು ಅಲುಗಾಡಲಿಲ್ಲ. ಮಾವ ಅಳುತ್ತಿದ್ದರು, ನಾನು ಗೇರಿನ ಕಡೆ ನೋಡುತ್ತಿದ್ದೆ.

ಜನವರಿ 21, ದೊಡ್ಡಿಯಲ್ಲಿ

ಮೂವತ್ತೇಳು ಉಳಿದಿವೆ.

ಸತ್ತವನ್ನು ಎಸೆನ್ ಗೋಡೆಯ ಹಾಗೆ ಜೋಡಿಸಿಟ್ಟಿದ್ದಾನೆ, ಗಾಳಿಗೆ ಅಡ್ಡವಾಗಿ. ಉಳಿದವು ಅದರ ಮರೆಯಲ್ಲಿ ನಿಂತಿದ್ದವು. ನಾವು ಹುಲ್ಲು ಕೆಡವಿದಾಗ ಕೆಲವಕ್ಕೆ ಎದ್ದು ಬರಲು ಕೂಡ ಆಗಲಿಲ್ಲ. ಬಾಯಿಗೇ ಹಿಡಿದೆ. ಒಂದು ಹುಲ್ಲನ್ನು ಬಾಯಲ್ಲಿಟ್ಟುಕೊಂಡೇ ಸತ್ತಿತು.

ಎಸೆನ್‌ನ ಎಡಗೈಯ ಎರಡು ಬೆರಳು ಚಳಿಗೆ ಸತ್ತು ಕಪ್ಪಾಗಿವೆ. ಬೈಯಲಿಲ್ಲ, ಕಿರುಚಲಿಲ್ಲ. ಒಲೆಯ ಮುಂದೆ ಕೂತು ಅಪ್ಪನನ್ನು ಕೇಳಿದ, "ಏನಾಗಿತ್ತು?"

ಮಾವನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಇನ್ನೇನು ಹೇಳುತ್ತಾರೆ, ನನ್ನ ತವರು ಮುಗಿಯಿತು ಎಂದುಕೊಂಡೆ.

"ಬೆಲ್ಟ್ ಅಂದ್ಕೊಂಡೆ. ಆಮೇಲೆ ಥರ್ಮೋಸ್ಟಾಟ್ ಅಂದ್ಕೊಂಡೆ," ಎಂದರು ಮಾವ. "ಗೊತ್ತಾಗ್ಲಿಲ್ಲ ಕಣೋ. ವಯಸ್ಸಾಯ್ತು ನಂಗೆ."

ಎಸೆನ್ ಎದ್ದು, ಗೋಡೆಯ ಮೊಳೆಗೆ ನೇತು ಹಾಕಿದ್ದ ಅಪ್ಪನ ಕೋಟಿನ ಜೇಬಿನಿಂದ ಲಾರಿಯ ಬೀಗದ ಕೈ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಮಾವ ನೋಡುತ್ತಿದ್ದರು.

ನನಗೆ ಮೈಯೆಲ್ಲ ಹಗುರವಾಯಿತು. ಇದನ್ನು ಬರೆಯಬಾರದು, ಬರೆದಾಯಿತು.

ಜನವರಿ 29

ಊರಿಗೆ ಬಂದಿದ್ದೇವೆ. ಎಸೆನ್‌ನ ಒಂದು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಮೊದಲು ಯಾರ ಗಾಡಿ ಕೆಟ್ಟರೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ಇವತ್ತು ಬೀದಿಯಲ್ಲೇ ಒಂದು ಜೀಪು ನಿಂತುಹೋಯಿತು. ನಾಲ್ಕು ಜನ ಬಾನೆಟ್ಟಿನೊಳಗೆ ತಲೆ ಹಾಕಿ ಒದ್ದಾಡಿದರು. ಮಾವ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಯಾರೂ ಕರೆಯಲಿಲ್ಲ. ತುರ್ಗುನ್ ಮಾತ್ರ, "ಬೆಲ್ಟ್ ಇರ್ಬೇಕು ನೋಡ್ರೋ!" ಎಂದ. ಎಲ್ಲರೂ ನಕ್ಕರು.

ಅತ್ತೆ ಕೂಡ ಈಗ ಅವರ ಮಾತನ್ನು ಅರ್ಧಕ್ಕೇ ತುಂಡರಿಸುತ್ತಾರೆ.

ಫೆಬ್ರವರಿ 3

ಮಾವ ಅಂಗಳಕ್ಕೆ ಇಳಿಯುವುದು ಬಿಟ್ಟಿದ್ದಾರೆ. ಕೈ ವಾಸಿಯಾಗಿದೆ. ಚಹಾ ಕೊಟ್ಟರೆ ಕುಡಿಯುತ್ತಾರೆ.

ಫೆಬ್ರವರಿ 9

ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ. ಎಸೆನ್ ಪಕ್ಕದಲ್ಲಿ ಬಂದು ಕೂತ. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಅಲ್ಲಿ ಮಾವ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ಕುದುರೆಯಾಟ ಆಡಿಸುತ್ತಿದ್ದರು.

"ಅಪ್ಪನ ಕೈಗೆ ಇನ್ನು ಲಾರಿ ಕೊಡಲ್ಲ," ಎಂದ ಎಸೆನ್. "ಮೆಲಿಸ್ ಭಾವನಿಗೆ ಹೇಳಿ ಕಳಿಸಿದೀನಿ, ಭಾನುವಾರ ಬಂದು ತಗೊಂಡು ಹೋಗ್ತಾನೆ. ಪೇಟೇಲಿ ಇರೋನು, ಇಂಜಿನ್ನು ತಿಳಿದೋನು. ಬರೋ ಚಳಿಗಾಲಕ್ಕೆ ಹುಲ್ಲು ಅವನೇ ಸಾಗಿಸ್ಲಿ. ನಮ್ಮೋನು ಅಂತ ನಂಬಬಹುದು. ಏನಂತೀಯ?"

"ನಿಮ್ಮಿಷ್ಟ," ಎಂದೆ.

ಅವನು ಇಲ್ಲದ ಬೆರಳಿನ ಜಾಗವನ್ನು ಉಜ್ಜಿಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ, "ನೀನು ಅಷ್ಟೂ ದಿನ ಅಪ್ಪನ ಪಕ್ಕದಲ್ಲೇ ಇದ್ದೆ. ನಿಜ ಹೇಳು. ಅವರಿಗೆ ಕೊನೇವರೆಗೂ ಗೊತ್ತಾಗ್ಲೇ ಇಲ್ವಾ?"

"ಇಲ್ಲ," ಎಂದೆ. "ಅವರಿಗೆ ಗೊತ್ತಾಗಲಿಲ್ಲ."

ಒಳಗೆ ಕುದುರೆಯಾಟ ನಿಂತಿತು. ಮಗು ಇನ್ನೂ ಬೇಕೆಂದು ಹಟ ಮಾಡಿತು. ಸ್ವಲ್ಪ ಹೊತ್ತಿನ ಮೇಲೆ ಮಾವ ಮತ್ತೆ ಆಡಿಸತೊಡಗಿದರು.